ಅರ್ಧದಲ್ಲಿ ನಿಂತ ಮುಳ್ಳು

ಮನೆ, ಹಿಂದಿನ ಕೋಣೆ, ನಿಮ್ಮ ಮಂಚದ ಮೇಲಿಂದ
ಹದಿನಾಲ್ಕನೇ ತಾರೀಖು, ಭಾನುವಾರ, ಬೆಳಗ್ಗೆ ಹತ್ತೂಕಾಲು

ಪ್ರೀತಿಯ ಅತ್ತೆಮ್ಮಾ,

ಹೇಗಿದ್ದೀರಿ? ದೊಡ್ಡಮ್ಮನವರ ಮಂಡಿ ಹೇಗಿದೆ? ಹೊಲಿಗೆ ಬಿಚ್ಚಿದ ಮೇಲೆ ಊತ ಇಳಿಯಿತಂತೆ, ಕೋಲು ಹಿಡಿದು ಬಚ್ಚಲ ತನಕ ತಾವೇ ನಡೆದರಂತೆ, ಇವರು ಹೇಳಿದರು. ನಿಮ್ಮ ಸೊಂಟದ ಸುದ್ದಿ ಮಾತ್ರ ಯಾರೂ ಹೇಳಲಿಲ್ಲ. ಅಕ್ಕನನ್ನು ಎಬ್ಬಿಸಿ ಓಡಾಡಿಸುವ ಭರದಲ್ಲಿ ತಂಗಿ ಮಲಗುವ ಹಾಗಾಗದಿರಲಿ. ಬಿಸಿನೀರಿನ ಚೀಲ ಇಲ್ಲೇ ಬಿಟ್ಟು ಹೋಗಿದ್ದೀರಿ, ಅದನ್ನು ನೋಡಿದಾಗಲೆಲ್ಲ ನಿಮ್ಮ ನೆನಪು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನೀವು ಯಜಮಾನಿ ಅಂತ ಹೆಸರಿಟ್ಟು ಹೋದ ನಿಮ್ಮ ಮೊಮ್ಮಗಳಿಗೆ ಐದು ತಿಂಗಳು ತುಂಬಿತು. ಈಗ ಮಾವನ ಹೆಗಲ ಮೇಲೆ ಕೂತು ಅವರ ಕನ್ನಡಕದ ಕಡ್ಡಿ ಚೀಪುತ್ತಿದ್ದಾಳೆ. ಫೋನಿರುವಾಗ ಕಾಗದ ಯಾಕೆ ಅಂತ ನಗಬೇಡಿ. ಅಲ್ಲಿ ನಿಮ್ಮ ಫೋನು ದೊಡ್ಡಮ್ಮನ ದಿಂಬಿನ ಪಕ್ಕದಲ್ಲಿ ಸ್ಪೀಕರ್ ಮೇಲೆ ಇರುತ್ತದೆ, ನಾನು ಹಲೋ ಅನ್ನುವಷ್ಟರಲ್ಲಿ "ಮಗೂಗೆ ಹಾಲು ಸಾಲ್ತಿದೆಯೇನೇ?" ಅಂತ ಅವರೇ ಶುರು ಮಾಡುತ್ತಾರೆ. ಇಲ್ಲಿ ಮಾವ ಪೇಪರ್ ಓದುವ ಹಾಗೆ ಕೂತು ಒಂದು ಕಿವಿ ಇತ್ತಲೇ ಇಟ್ಟಿರುತ್ತಾರೆ. ಇವತ್ತು ಇವರು ಓಡಿಸುವ ಗೂಡ್ಸ್ ರೈಲಿನ ಗಾರ್ಡ್ ನಿಮ್ಮ ಕಡೆಗೇ ಹೋಗುತ್ತಿದ್ದಾರೆ. ಹನ್ನೊಂದಕ್ಕೆ ಬಂದು ಕಾಗದ ತಗೊಂಡು ಹೋಗಿ ರಾತ್ರಿಯೊಳಗೆ ನಿಮ್ಮ ಕೈಗೇ ಕೊಡುತ್ತೇನೆ ಅಂದಿದ್ದಾರೆ. ಅಷ್ಟರೊಳಗೆ ಬರೆದು ಮುಗಿಸಬೇಕು.

ಸುದ್ದಿ ಎಲ್ಲಾ ನಿಮ್ಮ ಕೋಣನದು. ಹದಿನೆಂಟು ವರ್ಷದ ಗಾಡಿಗೆ ಕೋಣ ಅಂತ ಹೆಸರಿಟ್ಟವರು ನೀವು, ಅದನ್ನು ಹೆರಿಗೆ ಡ್ಯೂಟಿಗೆ ಊರೂರು ಓಡಿಸಿದವರು ನೀವು, ಹಾಗಾಗಿ ಅದರ ಮೈಗೆ ಏನಾದರೂ ನಿಮಗೆ ವರದಿ ಒಪ್ಪಿಸಲೇಬೇಕು. ಸೊಂಟದ ಕೀಲು ಸರಿಯಾಗಿ ಕೂರಲಿ ಅಂತ ಯಜಮಾನಿ ಕಾಲಿಗೆ ಪಟ್ಟಿ ಕಟ್ಟಿದ ದಿನದಿಂದ ತೊಟ್ಟಿಲಲ್ಲಿ ಮಲಗುವುದನ್ನೇ ಬಿಟ್ಟಿದ್ದಾಳೆ ಅಂತ ನಿಮಗೆ ಗೊತ್ತಲ್ಲ. ಕಪ್ಪೆ ಹಾಗೆ ಕಾಲು ಅಗಲಿಸಿಕೊಂಡು ದಿನಕ್ಕೆ ಇಪ್ಪತ್ತಮೂರು ಗಂಟೆ ಇರಬೇಕು ಅಂದರೆ ಯಾರಿಗೆ ತಾನೆ ನಿದ್ದೆ ಬಂದೀತು. ಅವಳಿಗೆ ನಿದ್ದೆ ಬರುವುದು ಒಂದೇ ಕಡೆ, ಓಡುತ್ತಿರುವ ಕೋಣನ ಹಿಂದಿನ ಸೀಟಿನಲ್ಲಿ. ಸಿಗ್ನಲ್ಲಿನಲ್ಲಿ ನಿಲ್ಲಿಸಿದರೂ ಸಾಕು, ಒಂದು ಕಣ್ಣು ತೆರೆದು ನೋಡುತ್ತಾಳೆ. ಹಾಗಾಗಿ ದಿನಾ ಮಧ್ಯಾಹ್ನ ಎರಡು ಗಂಟೆಗೆ ಹೊರಟು ಸಿಗ್ನಲ್ಲೇ ಇಲ್ಲದ ರಿಂಗ್ ರೋಡಿನಲ್ಲಿ ಒಂದು ಸುತ್ತು. ಸರಿಯಾಗಿ ನಲವತ್ತು ಕಿಲೋಮೀಟರು. ಅವಳಿಗೆ ಒಂದು ಗಂಟೆ ನಿದ್ದೆ, ನನಗೆ ಒಂದು ಗಂಟೆ ಮೌನ. ಡೀಸೆಲ್ ಸುಟ್ಟು ತೊಟ್ಟಿಲು ತೂಗುವ ಸೊಸೆ ಸಿಕ್ಕಿದ್ದಾಳೆ ನೋಡಿ ನಿಮಗೆ.

ಮೂರು ವಾರದ ಹಿಂದೆ ಒಂದು ಮಂಗಳವಾರ ಗಾಡಿ ರೈಲ್ವೆ ಮೇಲ್ಸೇತುವೆಯ ನೆತ್ತಿಯಲ್ಲಿ ನಿಂತುಬಿಟ್ಟಿದ್ದು ನಿಮಗೆ ಫೋನಿನಲ್ಲಿ ಹೇಳಿದ್ದೆವು. ಡೀಸೆಲ್ ಮುಗಿದಿತ್ತು. ಹಿಂದಿನಿಂದ ಲಾರಿಗಳು ಹಾರನ್ ಹೊಡೆಯುತ್ತಿವೆ, ಯಜಮಾನಿ ಕಿರುಚುತ್ತಿದ್ದಾಳೆ, ನಾನು ಅವಳನ್ನು ಎದೆಗವಚಿಕೊಂಡು ಕಟ್ಟೆಗೆ ಒರಗಿ ನಿಂತಿದ್ದೇನೆ. ಮಾವ ಸ್ಕೂಟರಿನ ಕಾಲಡಿಯಲ್ಲಿ ಕ್ಯಾನ್ ಇಟ್ಟುಕೊಂಡು ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಬಂದವರೇ ಡೀಸೆಲ್ ಸುರಿದು, ಬಾನೆಟ್ ಎತ್ತಿ, ಪೈಪಿಗೆ ಹೊಕ್ಕಿದ್ದ ಗಾಳಿಯನ್ನೆಲ್ಲ ಆ ಚಿಕ್ಕ ಕೈಪಂಪು ಒತ್ತಿ ಒತ್ತಿ ತೆಗೆದು ಸ್ಟಾರ್ಟ್ ಮಾಡಿದರು. ಆಮೇಲೆ ಕೈ ಒರೆಸಿಕೊಳ್ಳುತ್ತಾ "ಡೀಸೆಲ್ ಮುಳ್ಳು ನೋಡ್ಲಿಲ್ವೇನಮ್ಮಾ?" ಅಂತ ಕೇಳಿದರು. ಬೈಗುಳ ಅಲ್ಲ, ಸುಮ್ಮನೆ. "ನೋಡ್ದೆ ಮಾವ, ಅರ್ಧ ಇತ್ತು" ಅಂದೆ. ಅಷ್ಟೇ. ಅವತ್ತಿನಿಂದ ಮನೆಯಲ್ಲಿ ಕೋಣನ ಮುಳ್ಳು ಕೆಟ್ಟಿದೆ ಅಂತ ಆಯಿತು. ಇವರು ಡ್ಯೂಟಿಯಿಂದ ಬಂದು ಮೀಟರಿನ ಗಾಜಿಗೆ ಎರಡು ತಟ್ಟಿ ನೋಡಿದರು. ನೀವು ಅಲ್ಲಿಂದ "ಡೀಸೆಲ್ ಕಮ್ಮಿಯಾದ್ರೆ ಹತ್ತೋ ಆ ಕೆಂಪು ದೀಪದ ಬಲ್ಬು ನಾನೇ ತೆಗೆಸಿದ್ದೆ ಕಣೇ, ಕಣ್ಣಿಗೆ ಚುಚ್ಚುತ್ತೆ ಅಂತ, ತಪ್ಪು ನಂದೇ" ಅಂತ ಎರಡು ಸಲ ಹೇಳಿದಿರಿ. ನಿಮ್ಮ ತಪ್ಪೇನಿಲ್ಲ ಅತ್ತೆ, ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ.

ಮಾರನೇ ದಿನವೇ ಗಾಡಿಯನ್ನು ಕಿವಿ ಮೇಸ್ತ್ರಿ ಹತ್ತಿರ ಒಯ್ದೆ. ಇಂಜಿನ್ ಸದ್ದು ಕೇಳಿಯೇ ರೋಗ ಹೇಳುವ ಮನುಷ್ಯನಿಗೆ ಸದ್ದೇ ಮಾಡದ ಮುಳ್ಳು ಅಂದರೆ ಬೇಸರ. ಆದರೂ ಹಿಂದಿನ ಸೀಟು ಎತ್ತಿ, ಅದರ ಕೆಳಗಿನ ಮುಚ್ಚಳ ಬಿಚ್ಚಿ, ಟ್ಯಾಂಕಿಗೆ ಹೋಗುವ ವೈರನ್ನು ಕಿತ್ತು "ಅಕ್ಕಾ, ಮುಂದೆ ಕೂತು ಮುಳ್ಳು ನೋಡಿ" ಅಂದರು. ವೈರು ಬಿಡಿಸಿದರೆ ಮುಳ್ಳು ಕೆಳಗೆ ಮಲಗಿತು. ವೈರಿನ ತುದಿಯನ್ನು ಗಾಡಿಯ ಕಬ್ಬಿಣದ ಮೈಗೆ ತಾಗಿಸಿದರೆ ನಿಧಾನವಾಗಿ ಎದ್ದು ತುತ್ತತುದಿಗೆ ಹೋಯಿತು. "ಮುಳ್ಳೂ ಸರಿ, ವೈರೂ ಸರಿ. ಇನ್ನು ಉಳಿದಿದ್ದು ಒಳಗಿನ ಫ್ಲೋಟು" ಅಂತ ಟ್ಯಾಂಕಿನೊಳಗಿಂದ ಒಂದು ಉದ್ದ ಕಡ್ಡಿ ಹೊರತೆಗೆದರು. ಕಡ್ಡಿಯ ತುದಿಯಲ್ಲಿ ಒಂದು ಪುಟ್ಟ ಡಬ್ಬಿ, ಡೀಸೆಲ್ಲಿನ ಮೇಲೆ ತೇಲುವುದಂತೆ, ಅದು ಏರಿಳಿದ ಹಾಗೆ ಮುಳ್ಳು ಏರಿಳಿಯುತ್ತದೆ. ಅವರು ವೈರನ್ನು ಮತ್ತೆ ಸಿಕ್ಕಿಸಿ ಡಬ್ಬಿಯನ್ನು ಬೆರಳಲ್ಲಿ ಎತ್ತಿದರೆ ನನ್ನ ಮುಂದೆ ಮುಳ್ಳು ಎದ್ದಿತು, ಇಳಿಸಿದರೆ ಇಳಿಯಿತು. ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಡೀಸೆಲ್ ಹೊಕ್ಕಿಲ್ಲ, ತೂತಾಗಿಲ್ಲ ಅಂದರು. ವೈರಿನ ತುದಿಯಲ್ಲಿ ಸಾಸಿವೆಕಾಳಷ್ಟು ತುಕ್ಕಿತ್ತು, ಅದನ್ನು ಉಜ್ಜಿದರು. "ಇದಕ್ಕೇನೂ ಆಗಿಲ್ಲ ಅಕ್ಕಾ. ಮನೆಗೆ ಹೋಗಿ." ನಾನು ಬಿಡಲಿಲ್ಲ. ಅವತ್ತು ಅರ್ಧ ತೋರಿಸುತ್ತಿತ್ತು ಅಂದೆ. ಅವರು ನನ್ನನ್ನೇ ಒಂದು ಗಳಿಗೆ ನೋಡಿ, "ಹಂಗಾದ್ರೆ ಅರ್ಧ ಟ್ಯಾಂಕ್ ಹಾಕ್ಸಿ. ದಿನಾ ಎಷ್ಟು ಓಡ್ತು, ಮುಳ್ಳೆಲ್ಲಿತ್ತು, ಬರ್ಕೊಳ್ಳಿ. ಓದಿದೋರು ನೀವು" ಅಂದರು.

ಸಂಖ್ಯಾಶಾಸ್ತ್ರ ಓದಿದವಳಿಗೆ ಬರೆದುಕೋ ಅಂದರೆ ಕೇಳಬೇಕೆ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ತಾರೀಖು, ಕಿಲೋಮೀಟರು, ಮುಳ್ಳು ಅಂತ ಮೂರು ಕಾಲಂ ಮಾಡಿದೆ. ದಿನಾ ಮಧ್ಯಾಹ್ನ ಹೊರಡುವ ಮುಂಚೆ ನೋಡಿ ಬರೆಯುವುದು. ಅರ್ಧ ಟ್ಯಾಂಕ್ ಅಂದರೆ ಮೂವತ್ತು ಲೀಟರು, ದಿನಕ್ಕೆ ನಾಲ್ಕು ಲೀಟರಿನ ಸುತ್ತಾಟ, ಆರು ದಿನಕ್ಕೆ ಮುಳ್ಳು ಕೆಂಪು ಗೆರೆ ಹತ್ತಿರ ಬರಬೇಕು. ಬರಲಿಲ್ಲ ಅತ್ತೆ. ಮೊದಲ ದಿನ ಅರ್ಧ, ಎರಡನೇ ದಿನ ಅರ್ಧ, ನಾಲ್ಕನೇ ದಿನ ಅರ್ಧಕ್ಕಿಂತ ಒಂದು ಕೂದಲು ಮೇಲೆ. ಏಳನೇ ದಿನ, ಇನ್ನೂರನಲವತ್ತು ಕಿಲೋಮೀಟರ್ ಓಡಿದ ಮೇಲೂ, ಮುಳ್ಳು ಅರ್ಧದಲ್ಲೇ ಕೂತಿತ್ತು. ನನಗಾದ ಖುಷಿ ಹೇಳಲಾರೆ. ಕೆಟ್ಟಿದೆ ಅಂತ ಯಾರಾದರೂ ಖುಷಿ ಪಡುತ್ತಾರಾ? ನಾನು ಪಟ್ಟೆ. ನೋಟ್‌ಬುಕ್ ಹಿಡಿದುಕೊಂಡು ಗ್ಯಾರೇಜಿಗೆ ಹೋಗಿ, "ಏನೂ ಆಗಿಲ್ಲ ಅಂದ್ರಲ್ಲ, ನೋಡಿ ಈಗ" ಅಂತ ಅವರ ಗಿರಾಕಿಗಳ ಮುಂದೆಯೇ ಅಂದುಬಿಟ್ಟೆ. ಪಾಪ ಆ ಮನುಷ್ಯ, ಎಲ್ಲಿಂದಲೋ ಹಳೆ ಗಾಡಿಯೊಂದರ ಫ್ಲೋಟು ಹುಡುಕಿ ತಂದು ಹಾಕಿಕೊಟ್ಟರು. ಮತ್ತೆ ಆರು ದಿನ ಬರೆದೆ. ಮತ್ತೆ ಅರ್ಧ. ಈ ಸಲ ಮೇಸ್ತ್ರಿ ಮೀಟರಿನ ಡಬ್ಬಿಯನ್ನೇ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತರು. "ಇಪ್ಪತ್ತೆಂಟು ವರ್ಷದ ಸರ್ವೀಸಲ್ಲಿ ಹಿಂಗೆ ಸುಳ್ಳು ಹೇಳೋ ಮುಳ್ಳು ನೋಡಿಲ್ಲ ಅಕ್ಕಾ" ಅಂದರು. ನನಗೆ ಯಾಕೋ ಅವರ ಮುಖ ನೋಡಲಾಗಲಿಲ್ಲ.

ಇನ್ನು ನಿಮ್ಮ ಯಜಮಾನರ ವಿಷಯಕ್ಕೆ ಬರುತ್ತೇನೆ. ಮೊನ್ನೆ ಶುಕ್ರವಾರ ಬೆಳಗ್ಗೆ ಯಜಮಾನಿಯ ಸ್ನಾನದ ಹೊತ್ತು. ಪಟ್ಟಿ ಬಿಚ್ಚಲು ಡಾಕ್ಟರು ಕೊಟ್ಟಿರುವ ಒಂದೇ ಗಂಟೆ ಅದು, ಆ ಒಂದು ಗಂಟೆ ನಾನು ಬಚ್ಚಲು ಬಿಟ್ಟು ಕದಲುವುದಿಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವತ್ತು ಟವೆಲು ಹೊರಗೆ ಹಗ್ಗದ ಮೇಲೇ ಉಳಿದಿತ್ತು. ಒದ್ದೆ ಮಗುವನ್ನು ನನ್ನ ದುಪ್ಪಟ್ಟಾದಲ್ಲಿ ಸುತ್ತಿಕೊಂಡು ಹೊರಗೆ ಬಂದರೆ, ಮಾವ ಕೋಣನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಟ್ಯಾಂಕಿನ ಬಾಯಿಗೆ ಆಲಿಕೆ, ಕೈಯಲ್ಲಿ ಐದು ಲೀಟರಿನ ಕ್ಯಾನು, ಒಂದು ಹನಿ ಚೆಲ್ಲದ ಹಾಗೆ, ಮಗುವಿಗೆ ಹಾಲು ಕುಡಿಸುವವರ ಹಾಗೆ ಓರೆ ಮಾಡಿ ಸುರಿಯುತ್ತಿದ್ದಾರೆ. ಆಲಿಕೆ ನಿಮ್ಮ ಅಡುಗೆಮನೆಯದೇ, ಎಣ್ಣೆ ಸುರಿಯುವ ಹಸಿರು ಆಲಿಕೆ. ಬೈಯುವುದಾದರೆ ನನ್ನನ್ನು ಬೈಯಬೇಡಿ, ಅದನ್ನು ಇನ್ನು ಅಡುಗೆಗೆ ಮುಟ್ಟುವ ಹಾಗಿಲ್ಲ. ನನ್ನನ್ನು ನೋಡಿ ಗಾಬರಿಯಾದರು, ಆದರೆ ಸುರಿಯುವುದನ್ನು ನಿಲ್ಲಿಸಲಿಲ್ಲ. ಮೇಲ್ಸೇತುವೆಯ ಮಾರನೇ ದಿನದಿಂದ ದಿನಾ ಬೆಳಗ್ಗೆ ಪಾರ್ಕಿನಲ್ಲಿ ವಾಕಿಂಗ್ ಅಂತ ಹೊರಟು, ಸ್ಕೂಟರಿನಲ್ಲಿ ಪೆಟ್ರೋಲ್ ಬಂಕಿಗೆ ಹೋಗಿ, ಹಿಂದಿನ ದಿನ ನಾನು ಸುಟ್ಟಷ್ಟನ್ನು ತಂದು ತುಂಬುತ್ತಿದ್ದಾರೆ. ನಾನು ಅಳೆಯುತ್ತೇನೆ, ಅವರು ತುಂಬುತ್ತಾರೆ, ಮುಳ್ಳು ಪಾಪ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತಿದೆ. "ಒಂದು ಮಾತು ಹೇಳಬಾರದಾ ಮಾವ?" ಅಂದೆ. "ಹೇಳೋದೇನಮ್ಮಾ. ಮುಳ್ಳು ಕೆಟ್ಟಿದೆ ಅಂತ ನೀನೇ ಅಂದೆ. ಕೆಟ್ಟ ಮುಳ್ಳು ನಂಬ್ಕೊಂಡು ಮಗೂನ ಕರ್ಕೊಂಡು ಹೋಗ್ತೀಯ. ಟ್ಯಾಂಕಲ್ಲಿದ್ರೆ ಮುಳ್ಳು ಏನಾದ್ರೂ ಹೇಳ್ಕೊಳ್ಳಲಿ" ಅಂದರು. ನಲವತ್ತು ವರ್ಷ ನೀರಿನ ಪಂಪ್‌ಹೌಸ್ ನೋಡಿಕೊಂಡವರು. ತಾನು ಬಂದಾಗ ಟ್ಯಾಂಕು ಎಷ್ಟಿತ್ತೋ ಅಷ್ಟು ತುಂಬಿಸಿಟ್ಟೇ ಮುಂದಿನವನಿಗೆ ಬಿಟ್ಟು ಹೋಗುವುದು ಅಲ್ಲಿಯ ಪದ್ಧತಿಯಂತೆ. ಊರಿನವರಿಗೆ ನೀರು ಬಂತು ಅನ್ನುವುದು ಮಾತ್ರ ಗೊತ್ತಾಗಬೇಕು, ಯಾರು ತುಂಬಿದರು ಅಂತ ಯಾಕೆ ಗೊತ್ತಾಗಬೇಕು ಅಂತಾರೆ.

ನಿಂತಲ್ಲೇ ನಗು ಬಂತು. ಆಮೇಲೆ ನಿಲ್ಲಲಿಲ್ಲ, ಕಣ್ಣಲ್ಲೆಲ್ಲ ನೀರು. ಮಾವ ಮಗುವನ್ನು ಇಸಿದುಕೊಂಡು "ಹೋಗು, ಮುಖ ತೊಳ್ಕೋ, ಯಜಮಾನಿ ನೋಡ್ತಿದ್ದಾಳೆ" ಅಂದರು. ಒಳಗೆ ಬಂದ ಮೇಲೆ ಅವರಿಗೂ ಒಂದು ಯೋಚನೆ ಹುಟ್ಟಿತು. "ಹಂಗಾದ್ರೆ ಮುಳ್ಳು ಸರಿಯಾಗೇ ಇದೆ ಅಂತಾಯ್ತಲ್ಲ. ಅವತ್ತು ಸೇತುವೆ ಮೇಲೆ ಯಾಕೆ ಅರ್ಧ ತೋರಿಸ್ತು?" ವೈರಿನ ತುದಿಯಲ್ಲಿ ತುಕ್ಕಿತ್ತು ಮಾವ, ಮೇಸ್ತ್ರಿ ಉಜ್ಜಿದ ಮೇಲೆ ಸರಿಹೋಯಿತು ಅಂದೆ. "ಹೌದೌದು, ತುಕ್ಕು ಏನು ಬೇಕಾದ್ರೂ ಮಾಡುತ್ತೆ" ಅಂತ ತಕ್ಷಣ ಒಪ್ಪಿಕೊಂಡುಬಿಟ್ಟರು. ಗ್ಯಾರೇಜಿಗೆ ಹೋಗಿ ಮೇಸ್ತ್ರಿಗೂ ಹೇಳಿ ತಪ್ಪಾಯಿತು ಅಂದೆ. ಅವರು ಸ್ಪ್ಯಾನರ್ ಕೆಳಗಿಟ್ಟು ನಕ್ಕಿದ್ದು ನೋಡಬೇಕಿತ್ತು. "ಮಾವ ತುಂಬ್ತಿದ್ರು, ನೀವು ಬರೀತಿದ್ರಿ, ನಾನು ಬಿಚ್ತಿದ್ದೆ. ನಾಲ್ಕು ಜನದಲ್ಲಿ ಬುದ್ಧಿ ಇದ್ದಿದ್ದು ಕೋಣನಿಗೆ ಒಂದಕ್ಕೇ ಅಕ್ಕಾ" ಅಂದರು. ಅವರು ತುಕ್ಕಿನ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ಶನಿವಾರ ಮಾವನ ಹತ್ತಿರ ಕ್ಯಾನು ಮುಟ್ಟುವುದಿಲ್ಲ ಅಂತ ಮಾತು ತಗೊಂಡು ನಲವತ್ತು ಕಿಲೋಮೀಟರ್ ಓಡಿಸಿದೆ. ಇವತ್ತು ಬೆಳಗ್ಗೆ ನೋಡಿದರೆ ಮುಳ್ಳು ಲೆಕ್ಕಕ್ಕೆ ಸರಿಯಾಗಿ, ಬೆರಳ ಉಗುರಿನಷ್ಟು, ಕೆಳಗೆ ಬಂದಿತ್ತು.

ಗುರುವಾರ ಮೂಳೆ ಡಾಕ್ಟರ ಹತ್ತಿರ ಹೋಗಬೇಕು, ನೆನಪಿದೆಯಲ್ಲ. ಎರಡು ತಿಂಗಳು ಕಾದು ಸಿಕ್ಕ ದಿನ. ಸ್ಕ್ಯಾನ್ ಮಾಡಿ, ಸೊಂಟದ ಕೀಲು ಕೂತಿದ್ದರೆ ಪಟ್ಟಿ ಬಿಚ್ಚುತ್ತಾರೆ. ಆ ದಿನ ತಪ್ಪಿದರೆ ಇನ್ನೊಂದು ತಿಂಗಳು ಕಪ್ಪೆ ಕಾಲೇ ಗತಿ. ನೂರಾಹತ್ತು ಕಿಲೋಮೀಟರು, ಒಂಬತ್ತಕ್ಕೆ ಅಲ್ಲಿರಬೇಕು. ಇವರಿಗೆ ಅವತ್ತು ಡ್ಯೂಟಿ. ಮಾವನ ಕಣ್ಣಿನ ಪೊರೆಯಿಂದಾಗಿ ಅವರು ಸ್ಕೂಟರನ್ನೂ ಊರು ದಾಟಿಸುವುದಿಲ್ಲ. ಬಸ್ಸಿನ ಸೀಟಿನಲ್ಲಿ ಆ ಪಟ್ಟಿ ಕಟ್ಟಿದ ಕಾಲನ್ನು ಎಲ್ಲಿಡುವುದು. ಬಾಡಿಗೆ ಕಾರು ಕರೆಯೋಣವೇ ಅಂತ ಮಾವ ಒಂದು ಸಲ ಕೇಳಿದರು, ನಾನೇ ಬೇಡ ಅಂದೆ. ಮುಳ್ಳು ಸರಿಯಾಗಿದೆ, ಟ್ಯಾಂಕು ತುಂಬಿಸುತ್ತೇನೆ, ದಾರಿ ಗೊತ್ತಿದೆ, ನಾನೇ ಓಡಿಸುತ್ತೇನೆ. ನೀವು ಅಲ್ಲಿ ಕೂತು ಚಿಂತೆ ಮಾಡಬೇಡಿ.

ನನ್ನ ಆರೋಗ್ಯ ಚೆನ್ನಾಗಿದೆ. ನಿದ್ದೆ ಬರುತ್ತದೆ, ಹೋಗುತ್ತದೆ. ಅವಳು ಮಲಗಿದಾಗ ನಾನೂ ಮಲಗಬೇಕು ಅಂತ ನೀವು ಹೇಳಿದ್ದಿರಿ, ಆದರೆ ಅವಳು ಮಲಗುವುದು ನಾನು ಗಾಡಿ ಓಡಿಸುವಾಗ ಮಾತ್ರ. ರಾತ್ರಿ ಕಣ್ಣು ಹತ್ತಿತು ಅನ್ನುವಾಗ ಪಟ್ಟಿ ಬಿಗಿಯಾಯಿತೇನೋ, ಉಸಿರು ಸರಿಯಿದೆಯೇನೋ ಅಂತ ಎದ್ದು ಮೂಗಿನ ಹತ್ತಿರ ಬೆರಳಿಡುತ್ತೇನೆ. ಇವರಿಗಾದರೆ ಹದಿನಾರು ಗಂಟೆ ರೆಸ್ಟ್ ಆಗದೆ ಇಂಜಿನ್ ಹತ್ತಲು ಬಿಡುವುದಿಲ್ಲ, ಮಲಗಿದ್ದೆ ಅಂತ ಪುಸ್ತಕದಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆ. ನನ್ನ ಸಹಿ ಕೇಳುವವರು ಯಾರೂ ಇಲ್ಲ ಅಂತ ಒಂದೊಂದು ಸಲ ಹೊಟ್ಟೆಕಿಚ್ಚು ಬರುತ್ತದೆ, ಅಷ್ಟೇ. ಬೇಜಾರು ಮಾಡಿಕೊಳ್ಳಬೇಡಿ, ಬರೆಯುವ ಕೈಗೆ ಲಗಾಮಿಲ್ಲ.

ದೊಡ್ಡಮ್ಮನವರಿಗೆ ನನ್ನ ನಮಸ್ಕಾರ ಹೇಳಿ, ಹಾಲು ಸಾಲುತ್ತಿದೆ ಅಂತಲೂ ಹೇಳಿ. ನೀವು ಹೊತ್ತಿಗೆ ಸರಿಯಾಗಿ ಊಟ ಮಾಡಿ, ನಿಂತುಕೊಂಡು ತಿನ್ನಬೇಡಿ. ಮಾವ ನಿಮ್ಮನ್ನು ಕೇಳಿದರು ಅಂತ ಬರೆಯಲು ಹೇಳಲಿಲ್ಲ, ಆದರೆ ನೀವು ಹೋದಾಗಿನಿಂದ ದಿನಾ ಎರಡು ಲೋಟ ಕಾಫಿ ಸೋಸಿ ಒಂದನ್ನು ಏನು ಮಾಡುವುದೋ ತಿಳಿಯದೆ ನನಗೆ ತಂದುಕೊಡುತ್ತಾರೆ. ಯಜಮಾನಿಯ ಮುತ್ತು ಈ ಕಾಗದದ ಮೂಲೆಯಲ್ಲಿದೆ, ಒದ್ದೆ ಕಲೆ ಕಾಣುತ್ತದೆ ನೋಡಿ.

ನಿಮ್ಮ ಆಶೀರ್ವಾದದಲ್ಲಿರುವ,
ಸೊಸೆ

ಮರೆತೆ: ಮರೆತಿದ್ದಲ್ಲ. ಗಾರ್ಡ್ ಬಂದು ಬಾಗಿಲಲ್ಲಿ ನಿಂತಿದ್ದಾರೆ, ಮಾವ ಅವರಿಗೆ ನೀರು ಕೊಡುತ್ತಿದ್ದಾರೆ, ಅಷ್ಟರಲ್ಲಿ ಬರೆಯುತ್ತೇನೆ. ತುಕ್ಕು ಸುಳ್ಳು ಅತ್ತೆ. ಅರ್ಧ ಇತ್ತು ಅನ್ನುವುದೂ ಸುಳ್ಳು. ಅವತ್ತು ನಾನು ಮುಳ್ಳು ನೋಡಿಯೇ ಇರಲಿಲ್ಲ. ಅದೂ ಅಲ್ಲ. ರಿಂಗ್ ರೋಡಿಗೆ ಹತ್ತಿದ್ದು ನೆನಪಿದೆ, ಮೇಲ್ಸೇತುವೆ ಹತ್ತಿದ್ದು ನೆನಪಿಲ್ಲ. ಕಣ್ಣು ಮುಚ್ಚಿಹೋಗಿತ್ತು. ಡೀಸೆಲ್ ಮುಗಿದು ಇಂಜಿನ್ ಜಗ್ಗಿ ಕೆಮ್ಮಿದಾಗ ನನಗೆ ಎಚ್ಚರವಾಯಿತು, ಗಾಡಿ ಕಟ್ಟೆಯ ಪಕ್ಕದಲ್ಲೇ ಹೋಗುತ್ತಿತ್ತು. ಟ್ಯಾಂಕು ತುಂಬಿದ್ದು ಇಂಜಿನ್ ಕೆಮ್ಮದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಮೂರು ವಾರದಿಂದ ಬೇರೆ ಯೋಚನೆ ಇಲ್ಲ. ಮಾವ ದಿನಾ ತುಂಬುತ್ತಿದ್ದರು ಅಂತ ಗೊತ್ತಾದಾಗ ಅತ್ತಿದ್ದು ಅದಕ್ಕೆ. ನಿನ್ನೆಯೂ ಓಡಿಸಿದೆ, ಕಿಟಕಿ ಇಳಿಸಿ, ತುಟಿ ಕಚ್ಚಿಕೊಂಡು. ಇವರಿಗೆ ಹೇಳಲು ಬಾಯಿ ಬರಲಿಲ್ಲ. ಗುರುವಾರ ನಾನು ಓಡಿಸುವುದಿಲ್ಲ. ಇವತ್ತಿನಿಂದಲೇ ಓಡಿಸುವುದಿಲ್ಲ. ಕವರ್ ಯಾಕೆ ಭಾರ ಅಂತ ಗಾರ್ಡ್ ಕೇಳಿದರೆ ಏನೋ ಒಂದು ಹೇಳುತ್ತೇನೆ, ಕೋಣನ ಕೀಲಿ ಇದರಲ್ಲಿದೆ. ಇನ್ನೊಂದು ಮೊದಲೇ ನಿಮ್ಮ ಚೀಲದಲ್ಲಿದೆ, ಈಗ ಮನೆಯಲ್ಲಿ ಒಂದೂ ಇಲ್ಲ. ದೊಡ್ಡಮ್ಮನನ್ನು ಒಂದು ದಿನ ಯಾರಿಗಾದರೂ ಒಪ್ಪಿಸಿ ಬುಧವಾರ ಸಂಜೆಯೊಳಗೆ ಬನ್ನಿ. ಬಂದು ನೀವು ಓಡಿಸಿ. ಇವರಿಗೂ ಮಾವನಿಗೂ ನಾನೇ ಹೇಳುತ್ತೇನೆ, ಹೇಳುವಾಗ ನೀವು ನನ್ನ ಪಕ್ಕದಲ್ಲಿ ಕೂತಿರಬೇಕು, ಅಷ್ಟೇ.